ಶಾಂಪೂ ಬದಲು ಕಂಡೀಷನರ್: ಕೆದರುವ ಕೂದಲಿಗೆ ನೊರೆಯಿಲ್ಲದ ತಲೆಸ್ನಾನ

ತಲೆಗೆ ಸ್ನಾನ ಮಾಡಿ ಬಂದಾಗ ಇಳಿಬಿದ್ದಿದ್ದ ಕೂದಲು ಒಣಗುತ್ತಿದ್ದಂತೆಯೇ ಉಬ್ಬಿ, ಎಳೆಎಳೆಯಾಗಿ ಎದ್ದು ನಿಲ್ಲುವುದು, ಬಾಚಿದಷ್ಟೂ ಕೆದರುವುದು ಗುಂಗುರು ಕೂದಲಿನವರ ನಿತ್ಯದ ಗೋಳು. ಇಂಗ್ಲಿಷಿನಲ್ಲಿ ಇದನ್ನು ‘ಫ್ರಿಜ್’ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ‘ತಲೆ ಕಾಗೆಗೂಡಾಗಿದೆ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಈ ಕೆದರುವಿಕೆಗೆ ಪರಿಹಾರವೆಂದು ಕಳೆದ ಎರಡು ದಶಕಗಳಲ್ಲಿ ಪ್ರಚಾರಕ್ಕೆ ಬಂದಿರುವ ಪದ್ಧತಿಯೊಂದಿದೆ: ಶಾಂಪೂವನ್ನು ಪಕ್ಕಕ್ಕಿಟ್ಟು, ಅದರ ನಂತರ ಹಚ್ಚಬೇಕಾದ ಕಂಡೀಷನರ್‌ನಿಂದಲೇ ತಲೆ ತೊಳೆಯುವುದು. ‘ಕಂಡೀಷನರ್ ವಾಷಿಂಗ್’ ಎಂಬುದನ್ನು ಚಿಕ್ಕದಾಗಿಸಿ ಇದಕ್ಕೆ ‘ಕೋ-ವಾಷ್’ ಎಂದು ಹೆಸರಿಟ್ಟಿದ್ದಾರೆ.

ನೊರೆಯೇ ಬಾರದ ಕೆನೆಯಿಂದ ಕೊಳೆ ಹೋಗುವುದೆಂದರೆ ಮೊದಲ ಬಾರಿಗೆ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಆದರೆ ಈ ಪದ್ಧತಿಗೆ ರಸಾಯನ ವಿಜ್ಞಾನದ ಆಧಾರವಿದೆ. ಅದಕ್ಕೊಂದು ಮಿತಿಯೂ ಇದೆ. ಆ ಮಿತಿಯನ್ನು ಅರಿಯದೆ ಅನುಸರಿಸಿದರೆ ಕೂದಲಿಗೆ ಒಳಿತಾದರೂ ನೆತ್ತಿಗೆ ಕೆಡುಕಾಗಬಹುದು.

ಕೂದಲು ಕೆದರುವುದೇಕೆ?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಎಳೆ. ಅದರ ಹೊರಮೈಯಲ್ಲಿ ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಚಾಚಿಕೊಂಡ ತೆಳ್ಳನೆಯ ಹುರುಪೆಗಳ ಪದರವಿರುತ್ತದೆ. ಇದೇ ಕ್ಯೂಟಿಕಲ್. ಇದರ ಮೇಲೆ ಹುಟ್ಟಿನಿಂದಲೇ ಬಂದ ಕೊಬ್ಬಿನ ಅತಿ ತೆಳುವಾದ ಲೇಪವೊಂದಿದ್ದು, ನೀರನ್ನು ಹೊರಗೇ ತಡೆಯುವುದು ಅದರ ಕೆಲಸ. ಬ್ಲೀಚ್, ಪರ್ಮಿಂಗ್ ಮುಂತಾದ ಕ್ಷಾರೀಯ ಚಿಕಿತ್ಸೆಗಳಿಂದ ಈ ಲೇಪ ಕಳಚಿಹೋಗುತ್ತದೆ. ಒಮ್ಮೆ ಹೋದರೆ ಆ ಎಳೆಯ ಮೇಲೆ ಅದು ಮತ್ತೆ ಹುಟ್ಟುವುದಿಲ್ಲ. ಲೇಪ ಕಳೆದುಕೊಂಡ ಕೂದಲು ಗಾಳಿಯ ತೇವವನ್ನು ಸುಲಭವಾಗಿ ಹೀರಿ ಉಬ್ಬುತ್ತದೆ.

ತೇವವನ್ನು ಹೀರಿ ಆಕಾರ ಬದಲಿಸುವುದು ಕೂದಲಿನ ಸಹಜ ಗುಣ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ಡಿ ಸೊಸ್ಯೂರ್ 1783ರಲ್ಲಿ ಪ್ರಕಟಿಸಿದ ಆರ್ದ್ರತಾಮಾಪಕದಲ್ಲಿ ಬಳಸಿದ್ದು ಮನುಷ್ಯನ ಕೂದಲನ್ನೇ! ಒಣ ಹವೆಯಿಂದ ಪೂರ್ಣ ತೇವದ ಹವೆಗೆ ಹೋದಾಗ ಕೂದಲು ಸುಮಾರು ಶೇ 2ರಿಂದ 2.5ರಷ್ಟು ಉದ್ದವಾಗುತ್ತದೆ. ಅದರ ದಪ್ಪ ಇದಕ್ಕಿಂತ ಬಹಳ ಹೆಚ್ಚಾಗಿ ಹಿಗ್ಗುತ್ತದೆ. ಕೂದಲಿನೊಳಗಿನ ಜಲಜನಕ ಬಂಧಗಳು ನೀರು ತಾಗಿದಾಗ ಬಿಟ್ಟು, ಒಣಗುವಾಗ ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತವೆ. ನೇರ ಕೂದಲಿನಲ್ಲಿ ಎಲ್ಲ ಎಳೆಗಳೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಈ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಗುಂಗುರು ಕೂದಲಿನಲ್ಲಿ ಪ್ರತಿ ಎಳೆಯೂ ತನ್ನದೇ ದಾರಿ ಹಿಡಿಯುತ್ತದೆ. ಕಲಬುರಗಿಯ ಒಣ ಬೇಸಿಗೆಯಲ್ಲಿ ಶಿಸ್ತಾಗಿದ್ದ ತಲೆ ಉಡುಪಿಯ ಮಳೆಗಾಲದಲ್ಲಿ ಮಾತು ಕೇಳದಿರುವುದಕ್ಕೆ ಇದೇ ಕಾರಣ.

ಇನ್ನೊಂದು ತೊಡಕೂ ಇದೆ. ನೆತ್ತಿಯಲ್ಲಿ ಸ್ರವಿಸುವ ಜಿಡ್ಡು ನೇರ ಕೂದಲಿನಲ್ಲಿ ಬುಡದಿಂದ ತುದಿಗೆ ಸಲೀಸಾಗಿ ಇಳಿಯುತ್ತದೆ. ಸುರುಳಿಯಲ್ಲಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಹೀಗಾಗಿ ಗುಂಗುರು ಕೂದಲಿನವರ ಬುಡ ಜಿಡ್ಡಾಗಿದ್ದರೂ ತುದಿ ಒಣಗಿ ಕಡ್ಡಿಯಂತಿರುತ್ತದೆ. ಬುಡದ ಜಿಡ್ಡು ತೆಗೆಯಲು ಶಾಂಪೂ ಹಾಕಿದರೆ ತುದಿಯಲ್ಲಿದ್ದ ಅಲ್ಪಸ್ವಲ್ಪ ಸ್ನಿಗ್ಧತೆಯೂ ಕೊಚ್ಚಿಹೋಗುತ್ತದೆ.

ನೊರೆಯ ಕೆಲಸ, ಕೆನೆಯ ಕೆಲಸ

‘ಶಾಂಪೂ’ ಎಂಬ ಪದ ಇಂಗ್ಲಿಷಿಗೆ ಹೋದದ್ದು ಭಾರತದಿಂದ. ಹಿಂದಿಯ ‘ಚಾಂಪೋ’, ಅಂದರೆ ಒತ್ತು, ನೀವು ಎಂಬುದೇ ಇದರ ಮೂಲ. ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮದ್ 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನಗೃಹ ತೆರೆದು ಈ ಪದವನ್ನು ಅಲ್ಲಿ ಜನಪ್ರಿಯಗೊಳಿಸಿದರು. ಆಗ ಅದರ ಅರ್ಥ ಮೈನೀವುವುದು ಎಂದಷ್ಟೇ ಇತ್ತು. ಸಂಶ್ಲೇಷಿತ ಮಾರ್ಜಕದಿಂದ ಮಾಡಿದ ಶಾಂಪೂ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ.

ಇಂದಿನ ಬಹುತೇಕ ಶಾಂಪೂಗಳ ಮುಖ್ಯ ಮಾರ್ಜಕ ಸೋಡಿಯಂ ಲಾರೆತ್ ಸಲ್ಫೇಟ್ ಅಥವಾ ಅದರ ಹತ್ತಿರದ ಸಂಬಂಧಿ. ಇದರ ಅಣುವಿನ ಒಂದು ತುದಿಗೆ ಎಣ್ಣೆ ಪ್ರಿಯ, ಇನ್ನೊಂದು ತುದಿಗೆ ನೀರು ಪ್ರಿಯ. ಎಣ್ಣೆಪ್ರಿಯ ತುದಿ ಜಿಡ್ಡನ್ನು ಹಿಡಿದರೆ ನೀರುಪ್ರಿಯ ತುದಿ ಅದನ್ನು ಎಳೆದೊಯ್ಯುತ್ತದೆ. ನೀರುಪ್ರಿಯ ತುದಿಯಲ್ಲಿರುವುದು ಋಣ ವಿದ್ಯುದಂಶ. ಒದ್ದೆ ಕೂದಲಿನ ಮೇಲ್ಮೈಯೂ ಋಣವೇ ಆದ್ದರಿಂದ ಎರಡೂ ಪರಸ್ಪರ ವಿಕರ್ಷಿಸಿ, ಮಾರ್ಜಕ ನೀರಿನೊಂದಿಗೆ ಪೂರ್ತಿ ಹೊರಟುಹೋಗುತ್ತದೆ.

ಕಂಡೀಷನರ್‌ನಲ್ಲಿರುವ ಮಾರ್ಜಕ ಇದಕ್ಕೆ ತದ್ವಿರುದ್ಧ. ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್ ಮುಂತಾದ ಈ ಪದಾರ್ಥಗಳು ಧನ ವಿದ್ಯುದಂಶ ಉಳ್ಳವು. ಋಣ ಅಂಶದ ಕೂದಲಿಗೆ ಅವು ಅಂಟಿಕೊಳ್ಳುತ್ತವೆ. ಹೆಚ್ಚು ಹಾಳಾದ ಭಾಗದಲ್ಲಿ ಹೆಚ್ಚು ಅಂಟಿಕೊಳ್ಳುತ್ತವೆ. ಜತೆಗೆ ಸೀಟೈಲ್, ಸ್ಟಿಯರೈಲ್ ಎಂಬ ಮೇಣದಂತಹ ಆಲ್ಕೋಹಾಲ್‌ಗಳಿರುತ್ತವೆ. ಹೆಸರಿನಲ್ಲಿ ಆಲ್ಕೋಹಾಲ್ ಇದ್ದರೂ ಇವು ಸ್ಪಿರಿಟ್‌ನಂತೆ ಒಣಗಿಸುವ ಜಾತಿಯವಲ್ಲ, ಮೃದುಗೊಳಿಸುವಂಥವು. ಎಳೆಗಳ ನಡುವಿನ ಘರ್ಷಣೆ ತಗ್ಗಿ, ಸಿಕ್ಕು ಬಿಟ್ಟು, ಹುರುಪೆಗಳು ಮಲಗಿಕೊಳ್ಳುವುದು ಇವೆರಡರ ಕೂಡುಕೆಲಸದಿಂದ.

ಹಾಗಾದರೆ ಕೊಳೆ ಹೋಗುವುದು ಹೇಗೆ? ಧನ ಅಂಶದ ಮಾರ್ಜಕವೂ ಮಾರ್ಜಕವೇ. ಜಿಡ್ಡನ್ನು ಹಿಡಿಯುವ ಶಕ್ತಿ ಅದಕ್ಕೆ ಕಡಿಮೆ ಪ್ರಮಾಣದಲ್ಲಿ ಇದ್ದೇ ಇದೆ. ಕೆನೆಯಲ್ಲಿರುವ ಮೇಣ ಮತ್ತು ಎಣ್ಣೆಗಳು ನೆತ್ತಿಯ ಜಿಡ್ಡಿನೊಂದಿಗೆ ಬೆರೆತು ಅದನ್ನು ಸಡಿಲಿಸುತ್ತವೆ. ಉಳಿದದ್ದು ಬೆರಳಿನ ತಿಕ್ಕಾಟ ಮತ್ತು ಧಾರಾಳ ನೀರಿನ ಕೆಲಸ. ಧೂಳು, ಬೆವರು ಮತ್ತು ಸಾಧಾರಣ ಜಿಡ್ಡಿಗೆ ಇಷ್ಟು ಸಾಕು. ತಲೆತುಂಬ ಹಚ್ಚಿದ ಎಣ್ಣೆಗೆ ಸಾಲದು.

ನ್ಯೂಯಾರ್ಕ್‌ನಿಂದ ಹೊರಟ ಮಾತು

ಈ ಪದ್ಧತಿಗೆ ವ್ಯಾಪಕ ಪ್ರಚಾರ ಕೊಟ್ಟವರಲ್ಲಿ ಪ್ರಮುಖರು ಇಂಗ್ಲೆಂಡ್ ಮೂಲದ ಕೇಶವಿನ್ಯಾಸಕಿ ಲೊರೇನ್ ಮಾಸ್ಸಿ. ನ್ಯೂಯಾರ್ಕ್‌ನ ದೇವಚಾನ್ ಸಲೂನ್‌ನ ಸಹಸ್ಥಾಪಕಿಯಾದ ಅವರು 2001ರಲ್ಲಿ ‘ಕರ್ಲಿ ಗರ್ಲ್’ ಎಂಬ ಪುಸ್ತಕ ಹೊರತಂದರು. ಸಲ್ಫೇಟ್ ಶಾಂಪೂ ಬೇಡ, ನೀರಿನಲ್ಲಿ ಕರಗದ ಸಿಲಿಕೋನ್ ಬೇಡ, ಬಿಸಿ ಉಪಕರಣ ಬೇಡ, ಒಣಕೂದಲನ್ನು ಬಾಚಬೇಡಿ ಎಂಬುದು ಅವರ ಸೂತ್ರದ ಸಾರ. ಅಮೆರಿಕದ ಕಪ್ಪು ಸಮುದಾಯದ ಮಹಿಳೆಯರು ರಾಸಾಯನಿಕ ‘ರಿಲ್ಯಾಕ್ಸರ್’ಗಳನ್ನು ತೊರೆದು ಸಹಜ ಕೂದಲಿಗೆ ಮರಳುತ್ತಿದ್ದ ಕಾಲವೂ ಅದೇ ಆಗಿದ್ದು, ಅವರ ನಡುವೆ ಕೋ-ವಾಷ್ ಬಹುಬೇಗ ಮನೆಮಾತಾಯಿತು. ಅತಿ ಬಿಗಿ ಸುರುಳಿಯ, ಬೇಗ ಮುರಿಯುವ ಕೂದಲಿಗೆ ಇದು ನಿಜವಾಗಿಯೂ ಅಗತ್ಯವಿದ್ದ ಪರಿಹಾರ.

ನಮ್ಮಲ್ಲಿ ವಿಷಯ ಸ್ವಲ್ಪ ಬೇರೆ. ಇಲ್ಲಿನ ಬಹುಪಾಲು ಕೂದಲು ನೇರದಿಂದ ಅಲೆಅಲೆಯ ತನಕ ಇರುವಂಥದ್ದು. ಸ್ಪಷ್ಟ ಗುಂಗುರು ಸ್ವಲ್ಪ ಜನರದು. ಹಲವರಿಗೆ ತಮ್ಮದು ಗುಂಗುರು ಕೂದಲೆಂಬುದೇ ಗೊತ್ತಿರುವುದಿಲ್ಲ, ‘ಒರಟು ಕೂದಲು’ ಎಂದುಕೊಂಡು ದಿನಾ ಒಣಗಿಸಿ ಬಾಚುತ್ತಾ ಸುರುಳಿಯನ್ನು ಒಡೆದು ಪೊದೆ ಮಾಡಿಕೊಂಡಿರುತ್ತಾರೆ. ಪರೀಕ್ಷೆ ಸುಲಭ: ತಲೆ ತೊಳೆದ ಬಳಿಕ ಏನನ್ನೂ ಹಚ್ಚದೆ, ಬಾಚದೆ, ಮುಟ್ಟದೆ ಒಣಗಲು ಬಿಡಿ. ಗುಂಪುಗುಂಪಾಗಿ ಅಲೆ ಅಥವಾ ಸುರುಳಿ ಕಟ್ಟಿದರೆ ಕೋ-ವಾಷ್ ಪ್ರಯೋಗಿಸಿ ನೋಡಬಹುದು.

ನೇರ ಮಾಡಿಸುವ ಮುನ್ನ

ಕೆದರುವ ಕೂದಲಿನಿಂದ ಬೇಸತ್ತವರು ಸಾಮಾನ್ಯವಾಗಿ ಹಿಡಿಯುವ ದಾರಿ ಪಾರ್ಲರ್‌ನ ಸ್ಟ್ರೇಟನಿಂಗ್ ಅಥವಾ ‘ಕೆರಾಟಿನ್’ ಚಿಕಿತ್ಸೆ. ಮದುವೆಯ ದಿನ ಗೊತ್ತಾದ ಕೂಡಲೇ ಹುಡುಗಿಯನ್ನು ಇಲ್ಲಿಗೆ ಕರೆದೊಯ್ಯುವುದು ನಗರಗಳಲ್ಲಿ ರೂಢಿಯಂತಾಗಿದೆ. ಇದರಲ್ಲಿ ಬಳಸುವ ಕೆಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುತ್ತವೆ. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ವರ್ಗೀಕರಿಸಿದ ಅನಿಲ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯಕಾರಿ ಅಲ್ಲ. ಸಲೂನ್‌ನಲ್ಲಿ ಈ ಆಮ್ಲವಿದ್ದ ಕೆನೆ ಹಚ್ಚಿಸಿಕೊಂಡ 26 ವರ್ಷದ ಮಹಿಳೆಯೊಬ್ಬರಿಗೆ 2020, 2021 ಮತ್ತು 2022ರಲ್ಲಿ, ಮೂರು ಬಾರಿಯೂ ಮೂತ್ರಪಿಂಡಕ್ಕೆ ತೀವ್ರ ಹಾನಿಯಾದ ಪ್ರಕರಣವನ್ನು ಫ್ರಾನ್ಸ್‌ನ ವೈದ್ಯರು 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ವರದಿ ಮಾಡಿದರು. ಇಂಥ ಚಿಕಿತ್ಸೆಗೆ ಹಣ ಕಟ್ಟುವ ಮುನ್ನ ತೊಳೆಯುವ ಕ್ರಮವನ್ನು ಒಂದೆರಡು ತಿಂಗಳು ಬದಲಿಸಿ ನೋಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ತೊಳೆಯುವ ವಿಧಾನ

ಆರಂಭಿಸುವ ದಿನ ಒಮ್ಮೆ ಸಾಧಾರಣ ಶಾಂಪೂವಿನಿಂದ ಚೆನ್ನಾಗಿ ತೊಳೆದು ಹಳೆಯ ಎಣ್ಣೆ, ಸಿಲಿಕೋನ್, ಜೆಲ್ ಎಲ್ಲವನ್ನೂ ತೆಗೆದುಬಿಡಬೇಕು. ಕೋ-ವಾಷ್ ಶುರುವಾಗುವುದು ಮುಂದಿನ ಸ್ನಾನದಿಂದ.

ಮೊದಲು ಕೂದಲು ಬುಡದವರೆಗೆ ಪೂರ್ತಿ ನೆನೆಯಬೇಕು. ನೀರು ಉಗುರುಬೆಚ್ಚಗಿದ್ದರೆ ಸಾಕು. ಬಳಿಕ ಕಂಡೀಷನರ್ ಅನ್ನು ಬೆರಳ ತುದಿಗಳಿಗೆ ತೆಗೆದುಕೊಂಡು ನೇರವಾಗಿ ನೆತ್ತಿಗೆ ಹಚ್ಚಿ, ಭಾಗಭಾಗವಾಗಿ ತಿಕ್ಕಬೇಕು. ಉಗುರು ತಾಗಕೂಡದು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕಂಡೀಷನರ್ ತುದಿಗೆ ಮಾತ್ರ ಎಂದು ಬಾಟಲಿಯ ಮೇಲೆ ಓದಿದ ರೂಢಿಯಿಂದ ನೆತ್ತಿಯನ್ನು ಬಿಟ್ಟುಬಿಡುತ್ತಾರೆ. ನೊರೆ ಬಾರದಿರುವುದರಿಂದ ಎಲ್ಲಿ ತಿಕ್ಕಿದೆವು, ಎಲ್ಲಿ ಬಿಟ್ಟೆವು ಎಂಬುದು ತಿಳಿಯದು. ಕಿವಿಯ ಹಿಂಭಾಗ, ಹೆಡತಲೆ, ನಡುನೆತ್ತಿ ಈ ಮೂರನ್ನು ನೆನಪಿಟ್ಟು ತಿಕ್ಕಬೇಕು. ಶಾಂಪೂವಿಗೆ ಕೊಡುವ ಒಂದು ನಿಮಿಷ ಇದಕ್ಕೆ ಸಾಲದು, ಮೂರರಿಂದ ಐದು ನಿಮಿಷ ಬೇಕು.

ಆಮೇಲೆ ಉಳಿದ ಕೂದಲಿಗೆ ಹಚ್ಚಿ, ಕೆನೆ ಇರುವಾಗಲೇ ಬೆರಳಿನಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲ್ಮುಖವಾಗಿ ಸಿಕ್ಕು ಬಿಡಿಸಬೇಕು. ವಾರದ ಬಾಚುವಿಕೆ ಇದೊಂದೇ. ನಂತರ ನೀರು. ನೆತ್ತಿ ಜಾರುವುದು ನಿಲ್ಲುವ ತನಕ ಸುರಿಯಬೇಕು. ಬಕೆಟ್ಟು, ಮಗ್ಗಿನ ಸ್ನಾನವಾದರೆ ಒಂದು ಬಕೆಟ್ ಹೆಚ್ಚೇ ಬೇಕಾದೀತು. 2024ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾದ ಬೆಂಗಳೂರಿನವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೂ ಅರ್ಧ ತೊಳೆದ ಕಂಡೀಷನರ್ ನೆತ್ತಿಯಲ್ಲಿ ಉಳಿಯುವುದೇ ಈ ಪದ್ಧತಿಯ ಬಹುತೇಕ ದೂರುಗಳ ಮೂಲ.

ಒರೆಸುವಾಗ ಟರ್ಕಿ ಟವೆಲ್ಲಿನಿಂದ ಉಜ್ಜಬಾರದು. ಹಳೆಯ ಹತ್ತಿ ಬನಿಯನ್ನು ಅಥವಾ ಮೆತ್ತನೆಯ ಪಂಚೆಯಲ್ಲಿ ಒತ್ತಿ ನೀರು ತೆಗೆದರೆ ಸುರುಳಿ ಒಡೆಯುವುದಿಲ್ಲ. ಒಣಗುವ ತನಕ ಕೈ ಹಾಕದಿರುವುದು ಎಲ್ಲಕ್ಕಿಂತ ಕಷ್ಟದ ಭಾಗ!

ಹೆಗಲವರೆಗಿನ ಕೂದಲಿಗೆ ಒಂದು ಸ್ನಾನಕ್ಕೆ 25ರಿಂದ 30 ಮಿಲಿ ಲೀಟರ್ ಖರ್ಚಾದರೆ 180 ಮಿಲಿ ಲೀಟರ್‌ನ ಬಾಟಲಿ ಆರೇಳು ಸ್ನಾನಕ್ಕೆ ಮುಗಿಯುತ್ತದೆ. ಸ್ಯಾಷೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದುಬಾರಿ ಬ್ರಾಂಡ್ ಬೇಕೆಂದೇನೂ ಇಲ್ಲ. ಸಿಲಿಕೋನ್ ಇಲ್ಲದ ತೆಳುವಾದ, ಅಗ್ಗದ ಕಂಡೀಷನರ್ ಈ ಕೆಲಸಕ್ಕೆ ದಪ್ಪ ಕೆನೆಗಿಂತ ಮೇಲು.

ಬಾಟಲಿಯ ಹಿಂಬದಿ

ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪದಾರ್ಥಗಳ ಪಟ್ಟಿಯನ್ನು ಬಾಟಲಿಯ ಮೇಲೆ ಮುದ್ರಿಸಬೇಕು. ಅಕ್ಷರ ಎಷ್ಟೇ ಚಿಕ್ಕದಿದ್ದರೂ ಒಮ್ಮೆ ಓದುವುದು ಒಳ್ಳೆಯದು. ‘ಡೈಮೆಥಿಕೋನ್’, ‘ಅಮೋಡೈಮೆಥಿಕೋನ್’ ಎಂಬ ಹೆಸರುಗಳು ಮೇಲುಗಡೆಯೇ ಕಂಡರೆ ಆ ಕಂಡೀಷನರ್ ಕೋ-ವಾಷ್‌ಗೆ ಬೇಡ. ಈ ಸಿಲಿಕೋನ್‌ಗಳು ಕೆಟ್ಟವೆಂದಲ್ಲ, ಕೂದಲಿಗೆ ಹೊಳಪು ಕೊಡುವುದೇ ಅವು. ಆದರೆ ನೀರಿನಲ್ಲಿ ಕರಗದ ಇವನ್ನು ತೆಗೆಯಲು ಶಾಂಪೂ ಬೇಕು. ಶಾಂಪೂ ಬಿಟ್ಟವರ ತಲೆಯಲ್ಲಿ ಪದರದ ಮೇಲೆ ಪದರ ಸೇರಿ ಕೂದಲು ಭಾರವಾಗಿ ಜೋಲುತ್ತದೆ.

ಸಂರಕ್ಷಕಗಳ ಮೇಲೂ ಕಣ್ಣಿರಲಿ. ಮೀಥೈಲ್‌ಐಸೋಥಯಜೋಲಿನೋನ್ ಎಂಬ ಸಂರಕ್ಷಕದಿಂದ ಹಲವರಿಗೆ ಚರ್ಮದ ಅಲರ್ಜಿ ಬರುವುದು ಸಾಬೀತಾಗಿದೆ. ಹಚ್ಚಿ ತೊಳೆಯದೆ ಬಿಡುವ ಉತ್ಪನ್ನಗಳಲ್ಲಿ ಇದರ ಬಳಕೆಯನ್ನು ಯೂರೋಪ್ ಒಕ್ಕೂಟ 2017ರಲ್ಲಿ ನಿಷೇಧಿಸಿತು. ತೊಳೆಯುವ ಉತ್ಪನ್ನಗಳಲ್ಲಿ ಅಲ್ಪ ಪ್ರಮಾಣಕ್ಕೆ ಅವಕಾಶವಿದೆ. ಕೋ-ವಾಷ್‌ನಲ್ಲಿ ಕೆನೆ ನೆತ್ತಿಯ ಮೇಲೆ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ಇರುವುದರಿಂದ ಹೊಸ ಬಾಟಲಿಯನ್ನು ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ನೋಡುವುದು ಲೇಸು.

ವೆನ್ ಪ್ರಕರಣ

ಈ ಪದ್ಧತಿಯ ಇತಿಹಾಸದಲ್ಲಿ ಮರೆಯಬಾರದ ಅಧ್ಯಾಯ ಅಮೆರಿಕದ ‘ವೆನ್ ಬೈ ಚಾಜ್ ಡೀನ್’ ಪ್ರಕರಣ. ಟಿ.ವಿ. ಜಾಹೀರಾತುಗಳ ಮೂಲಕ ಭಾರಿ ಮಾರಾಟವಾದ ಈ ‘ಕ್ಲೆನ್ಸಿಂಗ್ ಕಂಡೀಷನರ್’ ಬಳಸಿದ ಬಳಿಕ ಕೂದಲು ಉದುರಿತು, ಬೋಳು ತೇಪೆಗಳಾದವು, ನೆತ್ತಿ ತುರಿಸಿತು ಎಂಬ ದೂರುಗಳು ಬಂದವು. ತನಗೆ ನೇರವಾಗಿ 127 ದೂರುಗಳು ಬಂದಿವೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2016ರ ಜುಲೈನಲ್ಲಿ ಪ್ರಕಟಿಸಿತು. ಕಂಪನಿಗಳ ಕಡತ ಪರಿಶೀಲಿಸಿದಾಗ ಅಲ್ಲಿ 21 ಸಾವಿರಕ್ಕೂ ಹೆಚ್ಚು ದೂರುಗಳಿದ್ದುದು ಕಂಡುಬಂತು. ಆಗಿನ ಅಮೆರಿಕದ ಕಾನೂನಿನಲ್ಲಿ ಸೌಂದರ್ಯವರ್ಧಕ ಕಂಪನಿಗಳು ಇಂಥ ದೂರುಗಳನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಡ್ಡಾಯವೇ ಇರಲಿಲ್ಲ!

ಕೂದಲು ಉದುರಲು ನಿಖರ ಕಾರಣವನ್ನು ಸಂಸ್ಥೆ ಗುರುತಿಸಲಿಲ್ಲ. ತಮ್ಮ ಉತ್ಪನ್ನ ಸುರಕ್ಷಿತವೆಂಬ ವಾದವನ್ನು ತಯಾರಕರು ಬಿಡಲಿಲ್ಲ. ಆದರೂ ಬಳಕೆದಾರರ ಸಾಮೂಹಿಕ ಮೊಕದ್ದಮೆ 2.6 ಕೋಟಿ ಡಾಲರ್‌ಗಳ ರಾಜಿಯಲ್ಲಿ ಕೊನೆಗೊಂಡಿತು. ಗಂಭೀರ ದುಷ್ಪರಿಣಾಮಗಳನ್ನು ಕಂಪನಿಗಳು ವರದಿ ಮಾಡಲೇಬೇಕು ಎಂಬ ಕಾಯಿದೆ ಅಮೆರಿಕದಲ್ಲಿ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಒಂದು ಬ್ರಾಂಡ್‌ನ ಪ್ರಕರಣದಿಂದ ಇಡೀ ಪದ್ಧತಿಯೇ ಅಪಾಯಕಾರಿ ಎಂದು ತೀರ್ಮಾನಿಸುವುದು ಸರಿಯಲ್ಲ. ಆದರೆ ‘ನೊರೆಯಿಲ್ಲ, ಆದ್ದರಿಂದ ಸೌಮ್ಯ’ ಎಂಬ ಜಾಹೀರಾತಿನ ತರ್ಕವನ್ನು ಇದು ಬುಡಮೇಲು ಮಾಡಿದ್ದಂತೂ ನಿಜ.

ಯಾರಿಗೆ ಸಲ್ಲದು?

ತಲೆಹೊಟ್ಟು ಇರುವವರಿಗೆ ಖಂಡಿತ ಸಲ್ಲದು. ಹೊಟ್ಟಿನ ಹಿಂದಿರುವ ಮಲಸೇಜಿಯಾ ಎಂಬ ಶಿಲೀಂಧ್ರ ನೆತ್ತಿಯ ಜಿಡ್ಡನ್ನೇ ತಿಂದು ಬದುಕುತ್ತದೆ. ಜಿಡ್ಡು ಪೂರ್ತಿ ಹೋಗದಿದ್ದರೆ ಅದಕ್ಕೆ ಹಬ್ಬ. ವೈದ್ಯರು ಬರೆದುಕೊಟ್ಟ ಕಿಟೋಕೊನಜೋಲ್ ಶಾಂಪೂವನ್ನು ‘ಶಾಂಪೂ ಬಿಟ್ಟಿದ್ದೇನೆ’ ಎಂಬ ಕಾರಣಕ್ಕೆ ನಿಲ್ಲಿಸುವುದು ಅವಿವೇಕ. ನೆತ್ತಿಯ ಸೋರಿಯಾಸಿಸ್ ಇರುವವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ತೆಳುವಾದ ನೇರ ಕೂದಲಿನವರಿಗೆ ಇದರಿಂದ ಲಾಭವಿಲ್ಲ, ಮರುದಿನವೇ ತಲೆ ಅಂಟಂಟಾಗುತ್ತದೆ. ದಿನವಿಡೀ ಹೆಲ್ಮೆಟ್ ಹಾಕಿಕೊಂಡು ಸಂಚಾರ ಧೂಳಿನಲ್ಲಿ ಓಡಾಡುವವರು ಎರಡು ಕೋ-ವಾಷ್‌ಗೆ ಒಂದು ಸೌಮ್ಯ ಶಾಂಪೂ ಎಂಬ ಲೆಕ್ಕ ಇಟ್ಟುಕೊಳ್ಳಬಹುದು. ಉಳಿದವರಿಗೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶಾಂಪೂ ತಪ್ಪಿದ್ದಲ್ಲ.

ಎಣ್ಣೆಸ್ನಾನ, ಸೀಗೆಕಾಯಿ, ಬೋರ್‌ವೆಲ್ ನೀರು

ಕನ್ನಡನಾಡಿನ ಮನೆಗಳಲ್ಲಿ ಈ ಪದ್ಧತಿಗೆ ಎದುರಾಗುವ ಮೊದಲ ಪ್ರಶ್ನೆ ಎಣ್ಣೆಯದು. ತಲೆಗೆ ಎಣ್ಣೆ ತಟ್ಟಿ ಸ್ನಾನ ಮಾಡುವವರ ಎಣ್ಣೆಯನ್ನು ಕಂಡೀಷನರ್ ಪೂರ್ತಿ ತೆಗೆಯಲಾರದು. ಹಾಗೆಂದು ಎಣ್ಣೆ ಬಿಡಬೇಕಿಲ್ಲ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ ಎಂದು ಭಾರತೀಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ 2003ರಲ್ಲಿ ತೋರಿಸಿಕೊಟ್ಟರು. ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಕ್ಕೆ ಈ ಗುಣ ಕಂಡುಬರಲಿಲ್ಲ. ಎಣ್ಣೆಸ್ನಾನದ ದಿನ ಶಾಂಪೂ ಅಥವಾ ಸೀಗೆಕಾಯಿ, ವಾರದ ಮಧ್ಯದ ಸ್ನಾನಕ್ಕೆ ಕೋ-ವಾಷ್ ಎಂದು ಹಂಚಿಕೊಂಡರೆ ಎರಡೂ ನಡೆಯುತ್ತವೆ.

ಸೀಗೆಕಾಯಿ, ಅಂಟುವಾಳದಲ್ಲಿರುವುದು ಸಪೋನಿನ್ ಎಂಬ ಸಹಜ ಮಾರ್ಜಕ. ಅವು ಶಾಂಪೂ ಜಾತಿಗೇ ಸೇರಿದವು. ಸೀಗೆಪುಡಿ ಅತಿಯಾದರೆ ಗುಂಗುರು ಕೂದಲು ಒಣಗುವುದನ್ನು ಅಜ್ಜಿಯಂದಿರೂ ಬಲ್ಲರು. ಕೋ-ವಾಷ್‌ಗೆ ನಿಜಕ್ಕೂ ಹತ್ತಿರದ ನೆಂಟನೆಂದರೆ ದಾಸವಾಳದ ಎಲೆ. ಕರಾವಳಿ, ಮಲೆನಾಡಿನಲ್ಲಿ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಯಿಂದ ತಲೆ ತೊಳೆಯುವುದುಂಟು. ಲೋಳೆ ಎಳೆಗಳ ನಡುವೆ ಜಾರುಗುಣ ತಂದು ಸಿಕ್ಕು ಬಿಡಿಸುತ್ತದೆ, ಸಾಧಾರಣ ಕೊಳೆಯನ್ನೂ ಒಯ್ಯುತ್ತದೆ. ಅತಿ ತೇವದ ಪ್ರದೇಶದಲ್ಲೇ ಈ ರೂಢಿ ಉಳಿದುಕೊಂಡಿರುವುದು ಕುತೂಹಲಕರ.

ಕೊನೆಯದಾಗಿ ನೀರಿನ ಮಾತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರ್‌ಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಿಗೆ. ಬೋರ್‌ವೆಲ್ ನೀರು ಹಲವೆಡೆ ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಒರಟಾಗಿಸುತ್ತವೆ. ಕಂಡೀಷನರ್ ಆ ಒರಟುತನವನ್ನು ಮರೆಮಾಡುತ್ತದೆಯೇ ಹೊರತು ಖನಿಜವನ್ನು ತೆಗೆಯುವುದಿಲ್ಲ. ಅಂಥ ಕಡೆ ಇಡಿಟಿಎ ಇರುವ ಶಾಂಪೂವನ್ನು ತಿಂಗಳಿಗೊಮ್ಮೆಯಾದರೂ ಬಳಸಬೇಕು. ಕೊನೆಯ ಎರಡು ಚೊಂಬು ಕಾವೇರಿ ನೀರೋ ಮಳೆನೀರೋ ಆದರೆ ಇನ್ನೂ ಉತ್ತಮ.

ಕೋ-ವಾಷ್ ಆರಂಭಿಸಿದ ಮೊದಲ ವಾರಗಳಲ್ಲಿ ಕೈಗೆ ಹೆಚ್ಚು ಕೂದಲು ಬಂದಂತೆ ಕಂಡು ಗಾಬರಿಯಾಗುವವರಿದ್ದಾರೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ದಿನಾ ಬಾಚುವುದನ್ನು ನಿಲ್ಲಿಸಿದವರಿಗೆ ಮೂರ್ನಾಲ್ಕು ದಿನಗಳ ಕೂದಲು ಒಮ್ಮೆಗೇ ಕೈಗೆ ಬರುತ್ತದೆ. ಆದರೆ ಬೈತಲೆ ಅಗಲವಾಗುತ್ತಿದ್ದರೆ, ನಾಣ್ಯದಗಲ ಬೋಳು ಕಂಡರೆ, ನೆತ್ತಿಯಲ್ಲಿ ತುರಿಕೆ, ಉರಿ ಅಥವಾ ಬೊಕ್ಕೆಗಳಾದರೆ ಕಂಡೀಷನರ್ ಅನ್ನು ಅಂದೇ ನಿಲ್ಲಿಸಿ, ಬಾಟಲಿಯ ಸಮೇತ ಚರ್ಮವೈದ್ಯರನ್ನು ಕಾಣಬೇಕು.